ಮನೆಯ ಆದಾಯ ಮತ್ತು ಮಗುವಿನ ಮೈತೂಕ

1936ರಲ್ಲಿ ಜಾನ್ ಬಾಯ್ಡ್ ಓರ್ ಬ್ರಿಟನ್ನಿನ ಕುಟುಂಬಗಳನ್ನು ಆದಾಯಕ್ಕನುಗುಣವಾಗಿ ಆರು ವರ್ಗಗಳಾಗಿ ವಿಂಗಡಿಸಿ ಅವುಗಳ ಆಹಾರವನ್ನು ಪರಿಶೀಲಿಸಿದರು. ಬ್ರೆಡ್ಡು, ಆಲೂಗೆಡ್ಡೆಗಳ ಬಳಕೆ ಎಲ್ಲ ವರ್ಗಗಳಲ್ಲಿಯೂ ಹೆಚ್ಚುಕಡಿಮೆ ಸಮಾನವಾಗಿತ್ತು. ಹಾಲು, ಮೊಟ್ಟೆ, ಹಣ್ಣು, ತರಕಾರಿಗಳ ಬಳಕೆಯಾದರೋ ಆದಾಯದೊಡನೆ ಏರುತ್ತಿತ್ತು. ವಾರಕ್ಕೆ ತಲಾ ಹಾಲಿನ ಬಳಕೆ ಕಡುಬಡವರಲ್ಲಿ 1.8 ಪಿಂಟ್, ಅತಿ ಸಿರಿವಂತರಲ್ಲಿ 5.5 ಪಿಂಟ್. ಬಡವರ ಮಕ್ಕಳ ಕುಳ್ಳು ದೇಹಕ್ಕೆ ಕಾರಣ ಇಲ್ಲಿತ್ತು.

ಇದೇ ಪ್ರಶ್ನೆ ಬಡಗರ ನಾಡಾದ ನೀಲಗಿರಿಯಲ್ಲಿಯೂ ಎದ್ದಿತು. ರಾಬರ್ಟ್ ಮೆಕ್ಯಾರಿಸನ್ ಕೂನೂರಿನಲ್ಲಿ ಬೆಳೆಸಿದ ಪೋಷಣಾ ಸಂಶೋಧನಾಲಯಕ್ಕೆ 1935ರಲ್ಲಿ ಡಬ್ಲ್ಯು. ಆರ್. ಏಕ್ರಾಯ್ಡ್ ನಿರ್ದೇಶಕರಾದರು, ಭಾರತೀಯ ಆಹಾರಗಳ ಪೋಷಕಮೌಲ್ಯದ ಪಟ್ಟಿ ಅಲ್ಲಿಂದಲೇ ಹೊರಬಂದಿತು. 1958ರಲ್ಲಿ ಸಂಸ್ಥೆ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಕೂನೂರಿನ ಆ ಪರಂಪರೆಯ ಮುಖ್ಯ ಚಿಂತೆ ಕೊರತೆಯೇ ಆಗಿತ್ತು.

ಇಂದು ಇಂಗ್ಲೆಂಡಿನಲ್ಲಿ ಚಿತ್ರ ತಿರುಗಿದೆ: ಅತಿ ಬಡ ಪ್ರದೇಶಗಳ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ ಸಿರಿವಂತ ಪ್ರದೇಶಗಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಕಾರಣದ ಎಳೆ ಹಳೆಯದೇ. ಕೈ ಬಿಗಿಯಾದಾಗ ಮನೆಯು ಮೊದಲು ಹೊಟ್ಟೆ ತುಂಬುವುದನ್ನು ಕೊಳ್ಳುತ್ತದೆ. ಹಣ್ಣು, ಹಾಲುಗಳನ್ನು ಕೈಬಿಡುತ್ತದೆ. ಸಕ್ಕರೆ, ಎಣ್ಣೆ, ಮೈದಾ ಅಗ್ಗವಾದೆಡೆ ಅದೇ ಲೆಕ್ಕಾಚಾರ ಮೈತೂಕವನ್ನು ಏರಿಸುತ್ತದೆ.

ಭಾರತದಲ್ಲಿ ಬಾಲ್ಯದ ಬೊಜ್ಜು ಇನ್ನೂ ಉಳ್ಳವರ ಮನೆಗಳಲ್ಲಿಯೇ ಅಧಿಕ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015-16ರಲ್ಲಿ ಶೇ. 2.1 ಇದ್ದು, 2019-21ರಲ್ಲಿ ಶೇ. 3.4ಕ್ಕೇರಿದ್ದಾರೆ, ಬೆಳವಣಿಗೆ ಕುಂಠಿತರಾದವರು ಆಗಲೂ ಶೇ. 35.5. ಎರಡೂ ಒಟ್ಟಿಗೇ ಇರುವ ನಾಡಿನಲ್ಲಿ ಮಗುವನ್ನು ತೂಗಿದರಷ್ಟೇ ಸಾಲದು. ಓರ್ ಮಾಡಿದಂತೆ ಮನೆಯ ಆದಾಯವನ್ನೂ ತಟ್ಟೆಯನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಾಗುತ್ತದೆ.