ಕೈಗೂಸಿನೊಡನೆ ವನಭೋಜನಕ್ಕೆ

ಹಾಲು ಕುಡಿಯುವ ಕೂಸನ್ನು ಕಂಕುಳಲ್ಲಿರಿಸಿಕೊಂಡು, ತಪ್ಪುಹೆಜ್ಜೆಯಿಡುವ ಮಗುವಿನ ಕೈಹಿಡಿದು ನಡೆಸಿಕೊಂಡು ಕಾಡುಮೇಡುಗಳ ಕಡೆಗೆ ಹೊರಡುವುದು ಇಂದಿನ ಎಳೆಯ ದಂಪತಿಗಳಿಗೆ ಹೊಸದೊಂದು ಸಾಹಸವಾಗಿ ತೋರುತ್ತದೆ. ಆದರೆ ಜಯನಗರ, ಬನಶಂಕರಿಗಳ ನೆಲವೆಲ್ಲ ಹೊಲ, ತೋಪು, ಕೆರೆಯಂಗಳಗಳಾಗಿದ್ದ ಕಾಲದಲ್ಲಿ ಅದು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಗೃಹಕೃತ್ಯವೇ ಆಗಿದ್ದಿತು. ಯಾರೂ ಬರೆದಿಡದಿದ್ದರೂ ಎಲ್ಲರೂ ಬಲ್ಲ ಒಂದು ಕ್ರಮವೂ ಅದಕ್ಕಿದ್ದಿತು. ಎಷ್ಟು ದೂರ ಹೋಗಬೇಕು, ಯಾವ ಮಾಸದಲ್ಲಿ ಹೋಗಬೇಕು, ಏನನ್ನು ಕಟ್ಟಿಕೊಳ್ಳಬೇಕು, ಎಷ್ಟು ಹೊತ್ತಿಗೆ ಹಿಂತಿರುಗಬೇಕು ಎಂಬುವೆಲ್ಲವೂ ಮನೆಯ ಅತ್ಯಂತ ಕಿರಿಯ ಜೀವದ ಶಕ್ತಿಯನ್ನು ನೋಡಿಕೊಂಡು ನಿರ್ಣಯವಾಗುತ್ತಿದ್ದುವು. ದಕ್ಷಿಣ ಬೆಂಗಳೂರಿನ ಚರಿತ್ರೆಯನ್ನು ಈ ಒಂದು ಆಚಾರದ ಮೂಲಕ ನೋಡಿದರೆ ನಾವು ಪಡೆದುದೇನು, ಕಳೆದುಕೊಂಡುದೇನು ಎಂಬುದು ಮನಸ್ಸಿಗೆ ಚೆನ್ನಾಗಿ ಹೊಳೆಯುತ್ತದೆ.

ಶಿಶುವನ್ನು ಮನೆಯಿಂದ ಹೊರಕ್ಕೆ ತರುವುದನ್ನು ನಮ್ಮ ಪೂರ್ವಿಕರು ಒಂದು ಸಂಸ್ಕಾರವೆಂದೇ ಎಣಿಸಿದ್ದರು. ಪಾರಸ್ಕರ ಗೃಹ್ಯಸೂತ್ರವೂ ಮನುಸ್ಮೃತಿಯೂ ನಾಲ್ಕನೆಯ ತಿಂಗಳಿನಲ್ಲಿ ನಿಷ್ಕ್ರಮಣವನ್ನು ವಿಧಿಸುತ್ತವೆ. ಯಮನ ಹೆಸರಿನ ಸ್ಮೃತಿವಚನವು ಮೂರನೆಯ ತಿಂಗಳಿನಲ್ಲಿ ಸೂರ್ಯದರ್ಶನವನ್ನೂ ನಾಲ್ಕನೆಯದರಲ್ಲಿ ಚಂದ್ರದರ್ಶನವನ್ನೂ ಹೇಳುತ್ತದೆ. ಆರನೆಯ ತಿಂಗಳಿಗೆ ಅನ್ನಪ್ರಾಶನ. ಬೆಳಕು, ಗಾಳಿ, ಅನ್ನ ಎಂಬ ಲೋಕದ ಪರಿಚಯಗಳು ಒಂದೊಂದಾಗಿ, ಕೂಸಿನ ದೇಹ ಒಗ್ಗಿಕೊಳ್ಳುವಷ್ಟು ಅವಕಾಶವಿಟ್ಟು ಆಗಬೇಕೆಂಬ ವಿವೇಕ ಈ ವಿಧಿಗಳಲ್ಲಿದೆ. ಶಾಸ್ತ್ರದ ಹೆಸರನ್ನು ಕೇಳದ ಮನೆಗಳಲ್ಲಿಯೂ ಬಾಣಂತನ ಮುಗಿಯುವವರೆಗೆ ಮಗುವನ್ನು ಹೊಸ್ತಿಲು ದಾಟಿಸದೆ, ಆಮೇಲೆ ತಲೆಗೆ ಕುಲಾವಿ ಕಟ್ಟಿ, ಕೆನ್ನೆಗೊಂದು ದೃಷ್ಟಿಬೊಟ್ಟಿಟ್ಟು ಊರದೇವರ ಗುಡಿಗೆ ಕರೆದೊಯ್ಯುವ ರೂಢಿಯಿದ್ದಿತು. ಪಂಡಿತರ ಮನೆಯ ಸೂತ್ರವೂ ಒಕ್ಕಲಿನ ಮನೆಯ ಅಜ್ಜಿಯ ಮಾತೂ ಇಲ್ಲಿ ಒಂದೇ ಆಗಿದ್ದುವು.

ಹೀಗೆ ಹೊಸ್ತಿಲು ದಾಟಿದ ಕೂಸಿಗೆ ಮರಗಿಡಗಳ ದೀರ್ಘ ಸಹವಾಸ ಮೊದಲು ದೊರೆಯುತ್ತಿದ್ದುದು ಕಾರ್ತಿಕ ಮಾಸದ ವನಭೋಜನದಲ್ಲಿ. ಬೆಟ್ಟದ ನೆಲ್ಲಿಯ ಮರದಡಿಯಲ್ಲಿ ಪೂಜೆ ಸಲ್ಲಿಸಿ, ಅದರ ನೆರಳಿನಲ್ಲಿಯೇ ಬಂಧುಬಳಗದೊಡನೆ ಉಣ್ಣುವ ಈ ಆಚಾರಕ್ಕೆ ಪುಣ್ಯಸಂಪಾದನೆಯೇ ಉದ್ದೇಶವೆಂದು ಹೇಳುವುದುಂಟಾದರೂ, ಕಾಲದ ಆಯ್ಕೆಯಲ್ಲಿ ಲೋಕಾನುಭವವೂ ಬೆರೆತಿರುವುದನ್ನು ಕಾಣಬಹುದು. ಬೆಂಗಳೂರಿನಲ್ಲಿ ಹೆಚ್ಚಿನ ಮಳೆ ಸುರಿಯುವುದು ಸೆಪ್ಟೆಂಬರು, ಅಕ್ಟೋಬರು ತಿಂಗಳುಗಳಲ್ಲಿ. ಕಾರ್ತಿಕ ಬರುವ ವೇಳೆಗೆ ಮಳೆಯ ಭರ ತಗ್ಗಿ, ಕೆರೆಗಳು ತುಂಬಿ, ಹುಲ್ಲು ಹಸುರಾಗಿದ್ದು, ಬಿಸಿಲು ಮೃದುವಾಗಿರುತ್ತದೆ. ಚೈತ್ರ ವೈಶಾಖಗಳ ಝಳವಾಗಲಿ, ಆಷಾಢದ ಹುಚ್ಚುಗಾಳಿಯಾಗಲಿ, ಪುಷ್ಯದ ಕೊರೆಯುವ ಚಳಿಯಾಗಲಿ ಇಲ್ಲದ ಆ ಕೆಲವು ವಾರಗಳಿಗಿಂತ ಎಳೆಯ ಮಕ್ಕಳಿಗೆ ಒಪ್ಪುವ ಕಾಲ ಈ ಪ್ರಸ್ಥಭೂಮಿಯಲ್ಲಿ ಬೇರೊಂದಿಲ್ಲ.

ಆ ದಿನದ ಸಿದ್ಧತೆಯಲ್ಲಿ ಮಕ್ಕಳ ಪಾಲೇ ದೊಡ್ಡದು. ದೊಡ್ಡವರಿಗೆ ಪುಳಿಯೋಗರೆ, ಮೊಸರನ್ನಗಳ ಬುತ್ತಿ ಸಾಕಾಗುತ್ತಿದ್ದಿತು. ಕೂಸಿಗೆ ಬೇಕಾದ ರಾಗಿಸರಿಯ ಕೆಲಸವಾದರೋ ಹಲವು ದಿನ ಮುಂಚಿತವಾಗಿಯೇ ಆರಂಭವಾಗಬೇಕು. ರಾಗಿಯನ್ನು ತೊಳೆದು ನೆನೆಯಿಸಿ, ಬಟ್ಟೆಯಲ್ಲಿ ಬಿಗಿದು ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಮೊಳಕೆಯನ್ನು ಉಜ್ಜಿ ಕೇರಿ, ಹದವಾಗಿ ಹುರಿದು ಬೀಸಿ, ತೆಳುವಾದ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿದ ಹಿಟ್ಟು ಅದು. ಒಂದು ಹಿಡಿಯನ್ನು ಡಬ್ಬಿಯಲ್ಲಿ ಕೊಂಡೊಯ್ದರೆ ಮೂರು ಕಲ್ಲಿನ ಒಲೆಯ ಮೇಲೆ ಬಿಸಿನೀರಿನಲ್ಲಿ ಕದಡಿ ಬೇಯಿಸಿ ಎಲ್ಲಿ ಬೇಕಾದರೂ ಮಗುವಿನ ಊಟ ಸಿದ್ಧ. ತೋಪನ್ನು ಮುಟ್ಟಿದೊಡನೆ ಗಂಡಸರು ಮಾಡುವ ಮೊದಲ ಕೆಲಸ, ಬಾಗಿದ ಗಟ್ಟಿ ಕೊಂಬೆಯೊಂದನ್ನು ಆರಿಸಿ, ಕೆಂಪಿರುವೆಯ ಗೂಡಿಲ್ಲವೆಂದು ನೋಡಿ, ಹಳೆಯ ನೂಲಿನ ಸೀರೆಯಿಂದ ಜೋಲಿ ಕಟ್ಟುವುದು. ಗಂಟನ್ನು ಬಿಗಿದ ಮೇಲೆ ತಮ್ಮ ಎರಡು ಕೈಗಳ ಭಾರವನ್ನೂ ಹಾಕಿ ಜಗ್ಗಿ ನೋಡಿ, ಕೂಸಿನ ಬೆನ್ನು ನೆಲದಿಂದ ಒಂದು ಮೊಳಕ್ಕಿಂತ ಮೇಲೇಳದಂತೆ ಉದ್ದವನ್ನು ಸರಿಪಡಿಸುತ್ತಿದ್ದರು. ಹೊಲದ ಬದುವಿನಲ್ಲಿ ದುಡಿಯುವ ತಾಯಂದಿರು ದಿನನಿತ್ಯವೂ ಕಟ್ಟುತ್ತಿದ್ದ ಜೋಲಿಯೇ ವನಭೋಜನದ ಜೋಲಿಯೂ ಹೌದು. ಎಲೆಯ ಸಂದಿನ ಬೆಳಕನ್ನು ನೋಡುತ್ತ ಕೂಸು ಮಲಗಿದರೆ, ಅದನ್ನು ತೂಗಲು ಅಜ್ಜಿ, ಅತ್ತೆ, ಅಕ್ಕಂದಿರ ಕೈಗಳು ಹತ್ತಾರು. ತಾಯಿಗೆ ಆ ಒಂದು ಮಧ್ಯಾಹ್ನವಾದರೂ ವಿಶ್ರಾಂತಿ. ಮುಸ್ಸಂಜೆಗೆ ಮುಂಚೆ ಎಲ್ಲರೂ ಮನೆ ಸೇರಲೇಬೇಕೆಂಬುದು ಮೀರಬಾರದ ಕಟ್ಟಳೆ.

ಇಂತಹ ತಾಣಗಳಿಗೆ ದಕ್ಷಿಣ ಬೆಂಗಳೂರಿನಲ್ಲಿ ಬರವಿರಲಿಲ್ಲ. ಸಿದ್ದಾಪುರ, ಬೈರಸಂದ್ರ, ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ತಾವರೆಕೆರೆ, ಮಡಿವಾಳ ಮೊದಲಾದ ಹಳ್ಳಿಗಳ ಬಳಿ ಒಂದಲ್ಲ ಒಂದು ಕೆರೆಯಿರುತ್ತಿದ್ದಿತು. ಹಳೆಯ ಮೈಸೂರು ಸೀಮೆಯ ಕಂದಾಯದ ಲೆಕ್ಕಗಳಲ್ಲಿ ಗುಂಡುತೋಪು ಎಂಬ ಹೆಸರಿನಿಂದ ಪ್ರತ್ಯೇಕವಾಗಿ ನಮೂದಾಗುತ್ತಿದ್ದ ಸಾರ್ವಜನಿಕ ಮರದೋಪುಗಳು, ಮಾವು, ಹುಣಸೆ, ಹೊಂಗೆ, ನೇರಳೆಗಳ ನೆರಳಿನಲ್ಲಿ ದಾರಿಹೋಕರಿಗೂ ದನಕರುಗಳಿಗೂ ಜಾತ್ರೆಯ ಜನಕ್ಕೂ ಸಮಾನವಾಗಿ ಆಶ್ರಯ ಕೊಡುತ್ತಿದ್ದುವು. ಈ ತೋಪುಗಳು ಯಾರೊಬ್ಬನ ಸ್ವತ್ತೂ ಆಗಿರದೆ ಊರಿಗೆಲ್ಲ ಸೇರಿದ್ದುದರಿಂದ, ಬಡವನ ಕೂಸಿಗೂ ಅಲ್ಲಿ ಒಂದು ಕೊಂಬೆ ಮೀಸಲಿದ್ದಂತೆಯೇ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಕಡಲೆಕಾಯಿ ಪರಿಷೆ ನೆರೆದಾಗ, ಸುತ್ತಣ ಹಳ್ಳಿಗಳ ಮಕ್ಕಳು ತಂದೆಯ ಹೆಗಲೇರಿ ಬಂದು ಕಹಳೆ ಬಂಡೆಯ ಮೇಲೆ ಆಡಿ ಹೋಗುವುದು ಇಂದಿಗೂ ನಿಂತಿಲ್ಲ.

ಹಳ್ಳಿಯ ತೋಪಿಗೆ ಅರಸರ ತೋಟವೊಂದು ನೆರೆಯಾದುದು ಈ ಪ್ರಾಂತದ ಭಾಗ್ಯ. 1760ರಲ್ಲಿ ಹೈದರಾಲಿಯು ಆರಂಭಿಸಿ, ಟಿಪ್ಪು ಬೆಳೆಸಿದ ಲಾಲ್‌ಬಾಗು ಇಂದು ಸುಮಾರು 240 ಎಕರೆಗಳ ಸಸ್ಯಕಾಶಿಯಾಗಿದೆ. ಜಾನ್ ಕ್ಯಾಮರನ್ನನ ಮೇಲ್ವಿಚಾರಣೆಯ ಕಾಲದಲ್ಲಿ, 1889ರಲ್ಲಿ, ಗಾಜಿನಮನೆಗೆ ಅಸ್ತಿಭಾರವಾಯಿತು, 1908ರಲ್ಲಿ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ತೋಟಕ್ಕೂ ನಗರದ ಸಾಲುಮರಗಳಿಗೂ ಹೊಸ ಶೋಭೆಯನ್ನು ತಂದನು, ಎಚ್. ಸಿ. ಜವರಾಯರೂ ಎಂ. ಎಚ್. ಮರಿಗೌಡರೂ ಆ ಪರಂಪರೆಯನ್ನು ಮುಂದುವರಿಸಿದರು. ಆದರೆ ಎಳೆಯ ಮಗುವಿನ ಕಣ್ಣಿಗೆ ಲಾಲ್‌ಬಾಗಿನ ಹಿರಿಮೆ ಇವರಾರಿಂದಲೂ ಬಂದುದಲ್ಲ. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ, ಕೆಂಪೇಗೌಡ ಗೋಪುರವನ್ನು ಹೊತ್ತ ಆ ನುಣುಪಾದ ಬಂಡೆಯನ್ನು ಅಂಗೈ ಮೊಣಕಾಲುಗಳನ್ನೂರಿ ಏರುವುದು, ಜಾರುವುದು, ಮತ್ತೆ ಏರುವುದು. ಇಷ್ಟೇ ಅದಕ್ಕೆ ಬೇಕಾದುದು. ನಾಲ್ಕೈದು ತಲೆಮಾರುಗಳ ಬೆಂಗಳೂರಿಗರಿಗೆ ಇದೇ ಮೊದಲ ಪರ್ವತಾರೋಹಣವಾಗಿದ್ದಿತೆಂದರೆ ಅತಿಶಯೋಕ್ತಿಯಲ್ಲ.

1898ರ ಪ್ಲೇಗಿನ ಕೋಟಲೆ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ತತ್ತರಗೊಳಿಸಿದಾಗ, ಅನೇಕ ಸಂಸಾರಗಳು ಕೂಸುಕುನ್ನಿಗಳನ್ನು ಕಟ್ಟಿಕೊಂಡು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಬದುಕಿದವು. ಗಾಳಿ ಬೆಳಕುಗಳೇ ಆರೋಗ್ಯದ ಮೂಲವೆಂಬ ಅರಿವು ಆ ಸಂಕಟದಿಂದ ಬಲವಾಗಿ, ಬಸವನಗುಡಿ ಮಲ್ಲೇಶ್ವರಗಳು ಅಗಲವಾದ ಬೀದಿಗಳ ಬಡಾವಣೆಗಳಾಗಿ ರೂಪುಗೊಂಡುವು. 1938ರಲ್ಲಿ ಆರ್. ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿ, ನಗರದ ಮಕ್ಕಳಿಗೆ ಆಡಲು ಕೂಡಲು ತಮ್ಮದೇ ಆದ ಒಂದು ಸ್ಥಳ ಬೇಕೆಂಬುದನ್ನು ಸಾಧಿಸಿ ತೋರಿಸಿದರು. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾದಾಗ, ಬ್ಲಾಕುಬ್ಲಾಕಿಗೂ ಉದ್ಯಾನಗಳನ್ನು ಬಿಟ್ಟು ನಕ್ಷೆ ಬರೆದವರ ಮನಸ್ಸಿನಲ್ಲಿದ್ದುದೂ ಇದೇ ಅರಿವು. ಹಳ್ಳಿಯ ಗುಂಡುತೋಪಿನ ಕರ್ತವ್ಯ ಹೀಗೆ ಬಡಾವಣೆಯ ಪಾರ್ಕಿಗೆ ದಾಟಿತು.

ದಾಟುವಾಗ ನಷ್ಟವೂ ಆಯಿತು. ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳು ಹಳ್ಳಿಗಳನ್ನು ಒಂದೊಂದಾಗಿ ಒಳಗೊಳ್ಳುತ್ತ ಹೋದಂತೆ ತೋಪುಗಳು ಕರಗಿದುವು; ಕೆರೆಗಳು ಒತ್ತುವರಿಗೂ ಕೊಳೆನೀರಿಗೂ ತುತ್ತಾದುವು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಲ್ಲಿ ನೆಟ್ಟ ಸುಮಾರು 15 ಲಕ್ಷ ಸಸಿಗಳು ಬೀದಿಗಳಿಗೆ ನೆರಳನ್ನು ಮರಳಿ ಕೊಟ್ಟುವಾದರೂ, ಬೀದಿಯ ನೆರಳಿನಲ್ಲಿ ಜೋಲಿ ಕಟ್ಟಲಾಗದು. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟವು ದಕ್ಷಿಣದ ಜನರಿಗೆ ಸಮೀಪದ ಅರಣ್ಯವಾಗಿ ಉಳಿಯಿತು. ಅಲ್ಲಿಯ ಗುಡಿಯಲ್ಲಿ ಚಂಪಕಧಾಮಸ್ವಾಮಿಯ ದರ್ಶನ ಮಾಡಿ ಬುತ್ತಿ ಬಿಚ್ಚುತ್ತಿದ್ದ ಕಡೆಗೆ ಹುಲಿ ಸಿಂಹಗಳನ್ನು ನೋಡುವ ಬಸ್ಸುಗಳು ಬಂದುವು. 2006ರಲ್ಲಿ ಪಾತರಗಿತ್ತಿಗಳ ಉದ್ಯಾನವೊಂದು ಅಲ್ಲಿ ತೆರೆಯಿತು. ಎರಡು ವರ್ಷದ ಮಗುವಿಗೆ ಕಿಟಕಿಯಾಚೆಯ ಹುಲಿಗಿಂತ ಮೂಗಿನ ಮುಂದೆ ಕುಳಿತ ಪಾತರಗಿತ್ತಿಯೇ ಹೆಚ್ಚು ನಿಜವಾದ ಪ್ರಾಣಿ ಎಂಬುದನ್ನು ಅಲ್ಲಿಗೆ ಹೋಗಿ ನೋಡಿದವರೆಲ್ಲರೂ ಬಲ್ಲರು.

ಮೋಟಾರು ವಾಹನಗಳು ಮನೆಮನೆಗೂ ಬಂದ ಮೇಲೆ ಅರಣ್ಯವೆಂದರೆ ದೂರದ್ದೇ ಆಗಬೇಕೆಂಬ ಭಾವನೆ ಬೆಳೆಯಿತು. 1980ರಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿ ಕಬಿನಿಯ ದಡದ ಕಾರಾಪುರದಲ್ಲಿ ವಸತಿಗೃಹವನ್ನು ನಡೆಸತೊಡಗಿದಂದಿನಿಂದ ವನ್ಯವಿಹಾರವು ಒಂದು ವ್ಯವಸ್ಥಿತ ಪ್ರವಾಸವಾಯಿತು. ಅದು ವನ್ಯಜೀವಿಗಳ ಬಗ್ಗೆ ನಾಡಿನಲ್ಲಿ ಪ್ರೀತಿಯನ್ನು ಬೆಳೆಸಿದ ಸತ್ಕಾರ್ಯ. ಆದರೆ ಬೆಳಗಿನ ಜಾವದ ಸವಾರಿ, ಗಂಟೆಗಟ್ಟಲೆ ಮೌನ, ಇನ್ನೂರು ಕಿಲೋಮೀಟರಿಗೂ ಮಿಗಿಲಾದ ಪಯಣ, ಇವೆಲ್ಲವೂ ವಯಸ್ಕರ ಶರೀರವನ್ನೂ ಸಹನೆಯನ್ನೂ ನೆಚ್ಚಿದ ಏರ್ಪಾಡುಗಳು. ಮಲೆನಾಡಿಗೆ ಹೋಗುವವರು ಮತ್ತೊಂದನ್ನೂ ನೆನಪಿನಲ್ಲಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣೆಗಳಿಂದ ಹರಡುವುದು ಮುಖ್ಯವಾಗಿ ಚಳಿಗಾಲ ಬೇಸಿಗೆಗಳಲ್ಲಿ; ಆ ತಿಂಗಳುಗಳಲ್ಲಿ ಅಲ್ಲಿಯ ತರಗೆಲೆಗಳ ಮೇಲೆ ಮಗುವನ್ನು ಹೊರಳಲು ಬಿಡುವುದು ಯೋಗ್ಯವಲ್ಲ.

ಆದಕಾರಣ ಹಳೆಯ ವನಭೋಜನದ ಕ್ರಮವನ್ನೇ ಇಂದಿನ ಯೋಜನೆಗೆ ಮಾದರಿಯಾಗಿ ಹಿಡಿಯುವುದು ಉಚಿತವೆಂದು ನನ್ನ ದೃಢವಾದ ಅಭಿಪ್ರಾಯ. ಕಾಲವು ಕಾರ್ತಿಕ ಮಾರ್ಗಶಿರಗಳಾಗಿರಲಿ. ದಾರಿಯು ಕೂಸಿನ ಒಂದು ನಿದ್ರೆಗಿಂತ ಉದ್ದವಾಗದಿರಲಿ. ಕಾಯಿಸಿ ಆರಿಸಿದ ನೀರು, ಸೊಳ್ಳೆಪರದೆ, ಮನೆಯ ಸರಿಹಿಟ್ಟು, ಬದಲು ಬಟ್ಟೆ ಜೊತೆಗಿರಲಿ. ತಂದೆತಾಯಿಗಳಿಬ್ಬರೇ ಹೋಗದೆ ಅಜ್ಜ ಅಜ್ಜಿಯರನ್ನೋ ನೆರೆಯ ಸಂಸಾರವನ್ನೋ ಕೂಡಿಕೊಂಡು ಹೋಗಲಿ. ಸಂಜೆಗೆ ಮುಂಚೆ ಮರಳಲಿ. ಲಾಲ್‌ಬಾಗಿನ ಬಂಡೆ, ತುರಹಳ್ಳಿಯ ಕುರುಚಲು ಕಾಡು, ಮಡಿವಾಳದ ಕೆರೆಯಂಚು, ರಾಮೋಹಳ್ಳಿಯ ಬಳಿ ಸುಮಾರು ಮೂರು ಎಕರೆ ಹರಡಿರುವ ದೊಡ್ಡ ಆಲದ ಮರ, ಇಷ್ಟು ತಾಣಗಳು ಐದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಸಾಕು. ಆದರೆ ಇವು ಉಳಿದಿದ್ದರೆ ತಾನೆ ಯೋಜನೆಯ ಮಾತು! ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಮುಂದೆ ನಿಂತು ಉಳಿಸಿಕೊಂಡಂತೆ, ತಮ್ಮ ಮನೆಗೆ ನಡಿಗೆಯ ದೂರದಲ್ಲಿರುವ ಒಂದು ಕೆರೆಯನ್ನೋ ಒಂದು ತೋಪನ್ನೋ ಕಾಪಾಡಿಕೊಳ್ಳುವುದು ತಂದೆತಾಯಿಗಳಾದವರೆಲ್ಲರ ಋಣವಾಗಿದೆ. ದೂರದ ಅರಣ್ಯಕ್ಕೆ ಕೊಠಡಿಯನ್ನು ಕಾದಿರಿಸುವುದು ಅದಾದ ಮೇಲಿನ ಕೆಲಸ.