ನೀಲಿ ಬಣ್ಣ ಹೇಳದಿದ್ದ ಮಾತು

ಕಲಬುರಗಿ, ಬೀದರ, ರಾಯಚೂರುಗಳಿಂದ ಓದಿಗೆಂದೋ ನೌಕರಿಗೆಂದೋ ಹೈದರಾಬಾದಿಗೆ ಬಂದು ನೆಲೆಸಿದ ಮನೆಗಳ ಹಿರಿಯರಿಗೆ ಬೆನೆಡಿಕ್ಟ್ ದ್ರಾವಣದ ಸೀಸೆ ನೆನಪಿದ್ದೀತು. ಪ್ರನಾಳದಲ್ಲಿ ಐದು ಮಿಲಿಲೀಟರ್ ದ್ರಾವಣ, ಎಂಟು ತೊಟ್ಟು ಮೂತ್ರ. ಕಾಯಿಸಿದ ಮೇಲೂ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆಗೆಂಪಾದರೆ ಬಹಳ. ನಮ್ಮ ತಂದೆಯವರ ಇನ್ಸುಲಿನ್ ಪ್ರಮಾಣವನ್ನು ನಮ್ಮ ತಾಯಿ ವರ್ಷಗಟ್ಟಲೆ ಈ ಬಣ್ಣ ನೋಡಿಯೇ ಹೆಚ್ಚು ಕಡಿಮೆ ಮಾಡುತ್ತಿದ್ದರು.

ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ತೆಗೆದದ್ದು 1921ರಲ್ಲಿ. ಮರುವರ್ಷದ ಜನವರಿಯಲ್ಲಿ ಅದನ್ನು ಮೊದಲ ರೋಗಿಗೆ ಚುಚ್ಚಿದರು. ನಮ್ಮ ಮೂಸಿ ದಡದ ಉಸ್ಮಾನಿಯಾ ಆಸ್ಪತ್ರೆಯ ಕಟ್ಟಡ 1925ರದು. ಔಷಧಿ ಅದಕ್ಕಿಂತ ತುಸುವೇ ಹಿರಿದು. ಔಷಧಿಯೇನೋ ಬಂತು, ಎಷ್ಟು ಕೊಡಬೇಕೆಂದು ಹೇಳುವ ಅಳತೆ ಮಾತ್ರ ಹಿಂದೆ ಬಿತ್ತು. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಹೀಗಾಗಿ 150 ಇದ್ದರೂ ನೀಲಿ, 50ಕ್ಕೆ ಕುಸಿದರೂ ನೀಲಿಯೇ! ಒಂದು ರಾತ್ರಿ ನೀಲಿ ಕಂಡು ನಿಶ್ಚಿಂತೆಯಾಗಿ ಮಲಗಿದೆವು. ಬೆಳಗಿನ ಜಾವ ತಂದೆಯವರು ಬೆವರಿನಲ್ಲಿ ತೊಯ್ದು ಏನೇನೋ ಬಡಬಡಿಸುತ್ತಿದ್ದರು. ಸಕ್ಕರೆ ನೀರು ಕುಡಿಸಿದ ಮೇಲೆಯೇ ಅವರಿಗೆ ನಮ್ಮ ಗುರುತು ಹತ್ತಿದ್ದು.

1965ರಲ್ಲಿ ರಕ್ತ ಪರೀಕ್ಷೆಯ ಪಟ್ಟಿ ಬಂತು, ಮುಂದೆ ಮೀಟರು. ಆದರೂ ಅದು ಬೆರಳು ಚುಚ್ಚಿದ ಗಳಿಗೆಯ ಲೆಕ್ಕ. 1962ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಸೂಚಿಸಿದ ಕಿಣ್ವದ ಎಲೆಕ್ಟ್ರೋಡ್ ಬೆಳೆದು, 1999ರಲ್ಲಿ ಅಮೆರಿಕದಲ್ಲಿ ಎಡೆಬಿಡದೆ ಅಳೆಯುವ ಸೆನ್ಸರಿಗೆ ಅನುಮತಿ ದೊರೆಯಿತು. ಈಗ ತೋಳಿಗೆ ಅಂಟಿಸುವ ಬಿಲ್ಲೆ ಚರ್ಮದಡಿಯ ದ್ರವದಿಂದ ಕೆಲವು ನಿಮಿಷಗಳಿಗೊಮ್ಮೆ ಅಂಕಿ ಕೊಡುತ್ತದೆ. ರಕ್ತಕ್ಕಿಂತ ಈ ದ್ರವ ಕೆಲವು ನಿಮಿಷ ಹಿಂದೆ. ಮೈಯ ಲಕ್ಷಣಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡುವುದೇ ಸರಿ.

ಟೈಪ್ 2 ಮಧುಮೇಹದವರಿಗೂ ಇದು ಬೇಕೆ? ದಿನದ ಮೂಲ ಇನ್ಸುಲಿನ್ ಮಾತ್ರ ಪಡೆಯುತ್ತಿದ್ದ 175 ಮಂದಿಯ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಎಂಟು ತಿಂಗಳಲ್ಲಿ ಸೆನ್ಸರ್ ಧರಿಸಿದವರ ಎಚ್‌ಬಿಎ1ಸಿ 9.1ರಿಂದ 8.0ಕ್ಕೆ ಇಳಿಯಿತು; ಬೆರಳು ಚುಚ್ಚಿಕೊಂಡವರದು 9.0ರಿಂದ 8.4ಕ್ಕೆ. ವ್ಯತ್ಯಾಸ ಭಾರಿಯದಲ್ಲ. ನಮಗೆ ಮುಖ್ಯವಾಗಿ ಕಾಣುವುದು ರಾತ್ರಿಯ ಗೆರೆ. ನಿದ್ದೆಯಲ್ಲಿ ಅದು 70ರ ಕೆಳಗಿಳಿದರೆ ವೈದ್ಯರು ರಾತ್ರಿಯ ಇನ್ಸುಲಿನ್ ತಗ್ಗಿಸುತ್ತಾರೆ. ರಾತ್ರಿಯಿಡೀ ಸಮನಾಗಿದ್ದು ಊಟದ ಮೇಲಷ್ಟೇ ಏರಿದರೆ ತಿದ್ದಬೇಕಾದ್ದು ಊಟದ ಹೊತ್ತಿನದನ್ನು. ಜೋಳದ ರೊಟ್ಟಿ ಎಷ್ಟು ಏರಿಸಿತು, ಬಿರಿಯಾನಿ ಎಷ್ಟು ಎಂಬುದೂ ಬಯಲಾಗುತ್ತದೆ. ಕೆಲವರಿಗೆ ಇದೇ ಸಂಕಟ!

ಬಿಲ್ಲೆಯ ಬೆಲೆ ಸಾವಿರಗಳಲ್ಲಿ, ಆಯುಷ್ಯ ಎರಡು ವಾರದ ಆಸುಪಾಸು. ಎಲ್ಲ ಮನೆಗಳಿಗೂ ತಿಂಗಳು ತಿಂಗಳು ಎಟುಕುವಂಥದಲ್ಲ. ಈಗ ತಾವೇ ಇನ್ಸುಲಿನ್ ಪಡೆಯುವ ನಮ್ಮ ತಾಯಿಗೆ ಒಮ್ಮೆ ಹಾಕಿಸಿದೆವು. ಮೂರು ರಾತ್ರಿ ಗೆರೆ 60ರ ಹತ್ತಿರಕ್ಕೆ ಇಳಿದಿತ್ತು, ಅವರಿಗೆ ಎಚ್ಚರವೇ ಆಗಿರಲಿಲ್ಲ. ವೈದ್ಯರು ರಾತ್ರಿಯ ಪ್ರಮಾಣದಲ್ಲಿ ನಾಲ್ಕು ಯೂನಿಟ್ ಕಡಿತ ಮಾಡಿದರು.