ಪಡಸಾಲೆಯ ಮಾತು ಹೊತ್ತಗೆಯಾದ ಬಗೆ

ಅರಸರ ದಂಡಯಾತ್ರೆಗಳಿಗೆ ಶಾಸನಗಳುಂಟು, ದಾನದತ್ತಿಗಳಿಗೆ ತಾಮ್ರಪಟಗಳುಂಟು. ರಣರಂಗದಲ್ಲಿ ಮಡಿದವನ ನೆನಪಿಗೆ ಕನ್ನಡ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳು ನಿಂತಿವೆ. ಹೆರಿಗೆಯ ನೋವಿನಲ್ಲಿ ಪ್ರಾಣಬಿಟ್ಟ ತಾಯಂದಿರಿಗಾಗಿ ಹಾಗೆ ಊರೂರಿಗೆ ಕಲ್ಲು ನಿಂತುದನ್ನು ನಾವು ಕಾಣೆವು. ಸಾವಿನ ಸಂಖ್ಯೆಯನ್ನೇ ಲೆಕ್ಕ ಹಿಡಿದರೆ ಮನೆಯೊಳಗಿನ ಆ ರಣರಂಗವೂ ಕಡಿಮೆಯದಾಗಿರಲಿಲ್ಲ. ಆ ಹೋರಾಟದಲ್ಲಿ ಹೆಣ್ಣಿಗಿದ್ದ ಆಯುಧ ಯಾವುದು? ಬಹುಕಾಲದವರೆಗೆ ಅದು ಇನ್ನೊಬ್ಬ ಹೆಣ್ಣಿನ ಮಾತು ಮಾತ್ರ. ಆ ಮಾತು ಎಲ್ಲಿ ನಡೆಯಿತು, ಹೇಗೆ ಹಾಡಾಯಿತು, ಹೇಗೆ ಹೊತ್ತಗೆಯಾಗಿ ಮತ್ತೆ ಮನೆಗೆ ಮರಳಿತು ಎಂಬುದನ್ನು ಅರಿಯುವುದೂ ಇತಿಹಾಸಾಧ್ಯಯನವೇ ಸರಿ.

ನಮ್ಮ ಹಳೆಯ ಮನೆಗಳಲ್ಲಿ ಬಸುರಿಯರು ಕೂಡಿ ಮಾತನಾಡಲು ಸಂಪ್ರದಾಯವೇ ಕೆಲವು ಸಂದರ್ಭಗಳನ್ನು ಕಲ್ಪಿಸಿಕೊಟ್ಟಿತ್ತು. ಶಾಸ್ತ್ರದಲ್ಲಿ ಸೀಮಂತವೆನಿಸಿಕೊಂಡುದು ಉತ್ತರ ಕರ್ನಾಟಕದ ಮನೆಗಳಲ್ಲಿ ಕುಬಸವಾಗಿದೆ. ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ, ಬಯಕೆಯೂಟ ಇವೆಲ್ಲ ಅದರ ಹೊರನೋಟ. ಅದರ ಒಳಗಿನ ಪ್ರಯೋಜನವೇ ಬೇರೆ. ಅಂದು ನಾಲ್ಕಾರು ಹೆತ್ತ ಹೆಂಗಸರ ನಡುವೆ ಚೊಚ್ಚಲ ಬಸುರಿಯು ಕುಳಿತಿರುತ್ತಾಳೆ. ಅತ್ತೆಯ ಮುಂದೆ ಆಡಲಾರದ ಮಾತನ್ನು ಅತ್ತಿಗೆಯ ಕಿವಿಯಲ್ಲಿ ಹೇಳುತ್ತಾಳೆ. ಗಂಡನಲ್ಲಿ ಕೇಳಲಾರದುದನ್ನು ಅಕ್ಕನಲ್ಲಿ ಕೇಳುತ್ತಾಳೆ. ಕಾಲು ಊದಿಕೊಳ್ಳುವುದು, ಅನ್ನ ಸೇರದಿರುವುದು, ಹೊಟ್ಟೆಯೊಳಗಿನ ಮಿಸುಕಾಟ, ರಾತ್ರಿಯ ಅಂಜಿಕೆ ಇವೆಲ್ಲಕ್ಕೂ ಅಲ್ಲಿ ಉತ್ತರ ದೊರೆಯುತ್ತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕಳುಹುವ ರೂಢಿಯಲ್ಲಿಯೂ ಇದೇ ವಿವೇಕ ಅಡಗಿದೆ. ತಾಯಿಯ ಮುಂದೆ ಮಗಳ ನಾಲಗೆ ಸಡಿಲವಾಗುತ್ತದೆ.

ಇಂತಹ ಮಾತಿನಲ್ಲಿ ಕಾಳೂ ಇತ್ತು, ಜೊಳ್ಳೂ ಇತ್ತೆಂಬುದನ್ನು ಒಪ್ಪಬೇಕು. ಅಂಟಿನುಂಡೆ, ಅಳವಿಯ ಪಾಯಸ, ಎಣ್ಣೆನೀರು ಇವು ದಣಿದ ದೇಹವನ್ನು ಸಂತೈಸುತ್ತಿದ್ದವು. ಆದರೆ ಬಸುರಿಯು ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುವುದೆಂಬ ನಂಬಿಕೆಯೂ, ಬಾಣಂತಿಗೆ ನೀರನ್ನು ಅಳೆದು ಕೊಡಬೇಕೆಂಬ ಕಟ್ಟಳೆಯೂ ಅದೇ ಬಾಯಿಂದಲೇ ಬಂದವು. ಮಣ್ಣು ತಿನ್ನುವ ಬಯಕೆಯನ್ನು ಕಂಡು ಹಿರಿಯರು ನಗುತ್ತಿದ್ದರು. ರಕ್ತದಲ್ಲಿ ಕಬ್ಬಿಣದ ಅಂಶ ಕುಂದಿದ್ದರ ಸೂಚನೆಯೂ ಅದಾಗಿರಬಹುದೆಂದು ಅವರು ಬಲ್ಲವರಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಜನನಸೂತಕ, ರಜಸ್ಸೂತಕಗಳೂ ಸೇರಿದ ಪಂಚಸೂತಕಗಳನ್ನು ಅಲ್ಲಗಳೆದರು. ಹಡೆದವಳು ಅಶುದ್ಧಳಲ್ಲವೆಂಬ ಈ ಮಾತು ಅಂದಿನ ಕಾಲಕ್ಕೆ ಎಷ್ಟು ದೊಡ್ಡದೆಂಬುದನ್ನು ಮನಗಾಣಬೇಕು. ಆದರೂ ತತ್ತ್ವವನ್ನೊಪ್ಪಿದ ಎಷ್ಟೋ ಮನೆಗಳಲ್ಲಿ ಬಾಣಂತಿಯ ಪಾಲಿಗೆ ಉಳಿದದ್ದು ಗಾಳಿಬೆಳಕಿಲ್ಲದ ಮೂಲೆಯ ಕೋಣೆಯೇ. ತತ್ತ್ವ ಮುಂದೆ ನಡೆದರೂ ಆಚರಣೆ ಹಿಂದೆಯೇ ಉಳಿಯಿತು.

ಬಾಯಿಂದ ಬಾಯಿಗೆ ನಡೆದ ಈ ತಿಳಿವಳಿಕೆಗೆ ಮೊದಲ ಗ್ರಂಥರೂಪ ಬೀಸುಕಲ್ಲಿನ ಹಾಡು. ಬಯಕೆ, ತವರಿನ ಹಂಬಲ, ಬಂಜೆಯ ದುಃಖ, ತೊಟ್ಟಿಲ ಸಂಭ್ರಮ ಇವುಗಳನ್ನು ಅಕ್ಷರವರಿಯದ ಹೆಂಗಸರು ತ್ರಿಪದಿಗಳಲ್ಲಿ ಕಟ್ಟಿದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಈ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದರು. ತಮ್ಮ ತಾಯಂದಿರು, ಅಕ್ಕಂದಿರು ನಸುಕಿನಲ್ಲಿ ಹಾಡಿಕೊಳ್ಳುತ್ತಿದ್ದುದು ಸಾಹಿತ್ಯವೆಂದು ವಿದ್ಯಾವಂತರು ಒಪ್ಪಿಕೊಳ್ಳಲು ಈ ಗ್ರಂಥ ದಾರಿ ಮಾಡಿತು.

ಹೆಣ್ಣೊಬ್ಬಳು ತಾನೇ ಬರೆದುದನ್ನು ಹೆಂಗಳೆಯರು ಓದಿದ ನಿದರ್ಶನ ಇದಕ್ಕೂ ಹಿಂದಿನದು. ಮೈಸೂರನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು. ಪತಿವ್ರತಾಧರ್ಮವನ್ನು ಬೋಧಿಸುವ ಆ ಕಾವ್ಯದೊಳಗೇ ಹೆಣ್ಣುಕೂಸನ್ನು ಕೀಳಾಗಿ ಕಾಣುವವರನ್ನು ಆಕೆ ನೇರವಾಗಿ ಪ್ರಶ್ನಿಸಿದ್ದಾಳೆ. ಗರ್ಭದಲ್ಲಿಯೇ ಲಿಂಗವನ್ನು ಪತ್ತೆಹಚ್ಚುವುದನ್ನು ತಡೆಯಲು ನಮ್ಮ ದೇಶವು 1994ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಸಂಚಿಯ ಹೊನ್ನಮ್ಮನ ಪ್ರಶ್ನೆಗೆ ಮುನ್ನೂರು ವರ್ಷಗಳಲ್ಲಿಯೂ ನಾವು ನೆಟ್ಟಗೆ ಉತ್ತರಿಸಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುದ್ರಣಯಂತ್ರವು ಹೆಣ್ಣಿನ ಕೈಗೂ ಬಂದಿತು. ಎಳೆಯ ವಯಸ್ಸಿನಲ್ಲಿಯೇ ವೈಧವ್ಯಕ್ಕೊಳಗಾದ ನಂಜನಗೂಡು ತಿರುಮಲಾಂಬ (1887-1982) ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. ಅವರ ‘ಸುಶೀಲೆ’ ಕಾದಂಬರಿ 1913ರಲ್ಲಿ ಬೆಳಕು ಕಂಡಿತು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ಅವರು ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1920ರ ದಶಕದಿಂದ ಸುಮಾರು ನಾಲ್ಕು ದಶಕಗಳ ಕಾಲ ‘ಸರಸ್ವತಿ’ ಪತ್ರಿಕೆಯನ್ನು ನಡೆಸಿಕೊಂಡು ಬಂದರು. ಮನೆಯ ಹೊಸ್ತಿಲು ದಾಟಲಾರದ ಓದುಗಿತ್ತಿಗೆ ಬೇರೊಂದು ಊರಿನ ಹೆಣ್ಣಿನ ಸುಖದುಃಖಗಳು ಅಂಚೆಯಲ್ಲಿ ಬಂದು ತಲುಪುವಂತಾಯಿತು. ಊಟವಾದ ಮೇಲೆ ಒಬ್ಬಳು ಓದುವುದು, ಅಕ್ಷರವರಿಯದ ಉಳಿದವರು ಅಕ್ಕಿ ಆರಿಸುತ್ತ ಕೇಳುವುದು, ಕೇಳಿದುದನ್ನು ಕುರಿತು ತಮ್ಮ ತಮ್ಮ ಬಾಳಿನ ಮಾತಾಡುವುದು ಇದು ಎಷ್ಟೋ ಮನೆಗಳ ದಿನಚರಿಯಾಯಿತು.

ಇದೇ ಅವಧಿಯಲ್ಲಿ ವೈದ್ಯಕೀಯವೂ ಹೆಜ್ಜೆ ಹಾಕಿತು. ಸ್ತ್ರೀಯರ ಚಿಕಿತ್ಸೆಗಾಗಿ ಹಾಗೂ ಸೂಲಗಿತ್ತಿಯರ ತರಬೇತಿಗಾಗಿ ಡಫರಿನ್ ನಿಧಿ ಭಾರತದಲ್ಲಿ 1885ರಲ್ಲಿ ಸ್ಥಾಪಿತವಾಗಿತ್ತು. ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ಸಂತತಿನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿನ ಗಮನ ಸೆಳೆಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾಯಿತು. ಆದರೆ ಆಸ್ಪತ್ರೆ ಇದ್ದ ಮಾತ್ರಕ್ಕೆ ಹೆಣ್ಣು ಅಲ್ಲಿಗೆ ಹೋದಾಳೆಂದು ಹೇಳಲಾಗದು. ಹೋಗಬೇಕೆಂದು ಮನೆಯಲ್ಲಿ ಯಾರಾದರೂ ಆಡಬೇಕು. ಹೋಗಿಬಂದವಳು ಅಂಜಬೇಡವೆಂದು ಹೇಳಬೇಕು. ಇಲ್ಲಿಯೂ ಮಾತೇ ಮೊದಲು.

ಸ್ವಾತಂತ್ರ್ಯಾನಂತರದ ಎರಡು ಹೆಸರುಗಳನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. ಮೊದಲನೆಯವರು ತ್ರಿವೇಣಿ. ಮಂಡ್ಯದಲ್ಲಿ 1928ರಲ್ಲಿ ಜನಿಸಿದ ಅನಸೂಯಾ ಶಂಕರ್ ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿ, ಹೆಣ್ಣಿನ ಅಂತರಂಗದ ಕ್ಲೇಶಗಳನ್ನು ಕಾದಂಬರಿಗಳಲ್ಲಿ ಬಿಡಿಸಿಟ್ಟರು. ಅವರ ‘ಶರಪಂಜರ’ದ ನಾಯಕಿ ಕಾವೇರಿ ಬಾಣಂತನದಲ್ಲಿ ಬುದ್ಧಿಭ್ರಮಣೆಗೆ ಒಳಗಾಗುತ್ತಾಳೆ. ಚಿಕಿತ್ಸೆಯಿಂದ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆದರೆ ಆ ಮನೆ ಅವಳನ್ನು ನಂಬುವುದಿಲ್ಲ. ಊರು ಅವಳನ್ನು ಹುಚ್ಚಿಯೆಂದೇ ಕಾಣುತ್ತದೆ. ರೋಗಕ್ಕಿಂತ ಈ ಅಪನಂಬಿಕೆಯೇ ಆಕೆಯನ್ನು ಕೊನೆಗೆ ಮುರಿದುಹಾಕುತ್ತದೆ. ಪುಟ್ಟಣ್ಣ ಕಣಗಾಲರು ಇದನ್ನು ಚಲನಚಿತ್ರವಾಗಿ ತೆರೆಗೆ ತಂದಾಗ ಕಲ್ಪನಾ ಅವರ ಅಭಿನಯವನ್ನು ನಾಡು ಮೆಚ್ಚಿತು. ಬಾಣಂತಿಸನ್ನಿಯೆಂದು ಪಿಸುಮಾತಿನಲ್ಲಿ ಆಡಿ ಬಾಗಿಲು ಮುಚ್ಚುತ್ತಿದ್ದ ಸಂಗತಿಯನ್ನು ಜನ ಬಹಿರಂಗವಾಗಿ ಚರ್ಚಿಸಿದರು. ಆದರೆ ತ್ರಿವೇಣಿಯವರು ಇದಾವುದನ್ನೂ ಕಾಣಲಿಲ್ಲ. ಅವರು 1963ರ ಜುಲೈ 29ರಂದು, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, ತಮ್ಮ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕಾಲವಾದರು. ಬಾಣಂತಿಯ ಬವಣೆಯನ್ನು ಬರೆದವರು ಬಾಣಂತಿಯಾಗಿಯೇ ಮರೆಯಾದರು.

ಎರಡನೆಯವರು ಡಾ. ಅನುಪಮಾ ನಿರಂಜನ (1934-1991). ತೀರ್ಥಹಳ್ಳಿಯಲ್ಲಿ ಜನಿಸಿ ವೈದ್ಯೆಯಾದ ಇವರು ಕಥೆ ಕಾದಂಬರಿಗಳೊಂದಿಗೆ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಎಂಬ ಪುಸ್ತಕಗಳನ್ನು ಬರೆದರು. ಪಡಸಾಲೆಯಲ್ಲಿ ನಡೆಯುತ್ತಿದ್ದ ಮಾತನ್ನು ವೈದ್ಯೆಯೊಬ್ಬರು ಕೈಗೆತ್ತಿಕೊಂಡು, ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಿ, ತಿಳಿಯಾದ ಕನ್ನಡದಲ್ಲಿ ಮರಳಿ ಮನೆಗೆ ಕೊಟ್ಟರು. ಮದುವೆಯಲ್ಲಿ ವಧುವಿಗೆ ಉಡುಗೊರೆಯಾಗಿ ಕೊಡುವ ಪುಸ್ತಕಗಳಲ್ಲಿ ಇವೂ ಸೇರಿದವು. ಮಕ್ಕಳಿಗಾಗಿ ಅವರು ಬರೆದ ‘ದಿನಕ್ಕೊಂದು ಕಥೆ’ಯನ್ನು ಸೇರಿಸಿಕೊಂಡು ನೋಡಿದರೆ, ಮದುವೆಯಿಂದ ಬಸಿರು, ಬಸಿರಿನಿಂದ ಬಾಣಂತನ, ಅಲ್ಲಿಂದ ಮಗುವಿಗೆ ಕಥೆ ಹೇಳುವ ದಿನದವರೆಗೆ ಒಬ್ಬ ತಾಯಿಯ ಕೈಹಿಡಿದು ನಡೆಸಿದ ಲೇಖಕಿ ಅವರೆನ್ನಬೇಕು.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯ ಹುಟ್ಟಿನಲ್ಲಿಯೂ ಹೆಂಗಸರ ಮಾತಿನ ಪಾತ್ರವುಂಟು. ಬಾಲವಿಧವೆಯಾಗಿ ಬಾಳಿದ ಫಣಿಯಮ್ಮ ತಮ್ಮ ಕಥೆಯನ್ನು ಇಂದಿರಾ ಅವರ ತಾಯಿಗೆ ಹೇಳಿದ್ದರು; ತಾಯಿ ಮಗಳಿಗೆ ಹೇಳಿದರು; ಮಗಳು ಅದನ್ನು ಲೋಕಕ್ಕೆ ಹೇಳಿದರು. ತಾನು ಎಂದೂ ತಾಯಾಗದ ಆ ಹೆಣ್ಣು ಪರರ ಕಷ್ಟದ ಹೆರಿಗೆಗೆ ಕೈ ನೀಡುವ ಪ್ರಸಂಗ ಓದಿದವರ ಮನಸ್ಸಿನಲ್ಲಿ ಅಚ್ಚಳಿಯದೆ ನಿಲ್ಲುತ್ತದೆ. ಗ್ರಂಥಗಳ ಸೋಂಕೇ ಇಲ್ಲದೆ ಈ ವಿದ್ಯೆಯನ್ನು ಬಾಳಿನಲ್ಲಿ ನಡೆಸಿದವರೂ ಉಂಟು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಪ್ರತಿಫಲವನ್ನು ಬಯಸದೆ ಸುಮಾರು 15,000 ಹೆರಿಗೆಗಳನ್ನು ಮಾಡಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಕೊನೆಯಲ್ಲಿ ಅವರು ಲಿಂಗೈಕ್ಯರಾದ ಹಿರಿಯ ತಾಯಂದಿರಷ್ಟೇ ಗೌರವಕ್ಕೆ ಪಾತ್ರರಾಗಿ ಇಹಲೋಕವನ್ನಗಲಿದರು.

ಮಾತು, ಪುಸ್ತಕ, ಆಸ್ಪತ್ರೆ ಈ ಮೂರೂ ಕೂಡಿದುದರ ಫಲವನ್ನು ಅಂಕಿಗಳೇ ಹೇಳುತ್ತವೆ. ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಮರಣ ಹೊಂದುತ್ತಿದ್ದರು. ಈ ಪ್ರಮಾಣ 2018-20ರ ಅವಧಿಗೆ 69ಕ್ಕೆ ಇಳಿಯಿತು. ತಾಯಿ ಕಾರ್ಡು, ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯ ಹೆರಿಗೆ ಇವುಗಳ ಕೊಡುಗೆ ಇದರಲ್ಲಿ ದೊಡ್ಡದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದ ಮೇಲೆ ಅಂಗನವಾಡಿಗಳು ಹಳ್ಳಿಹಳ್ಳಿಗೂ ಬಂದವು. ಕರ್ನಾಟಕ ಸರ್ಕಾರವು 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೊಳಿಸಿದ ‘ಮಾತೃಪೂರ್ಣ’ ಯೋಜನೆಯು ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಬಿಸಿಯೂಟ ಮಾಡುವ ವ್ಯವಸ್ಥೆಯನ್ನು ಕಲ್ಪಿಸಿತು. ಉಣ್ಣುವುದಕ್ಕೆಂದು ಸೇರಿದ ಬೇರೆಬೇರೆ ಕೇರಿಯ ಹೆಂಗಳೆಯರು ಒಂದೇ ಸಾಲಿನಲ್ಲಿ ಕುಳಿತಾಗ ಅನ್ನದ ಜೊತೆಗೆ ಮಾತೂ ಬಡಿಸಲ್ಪಡುತ್ತದೆ. ಹಳೆಯ ಪಡಸಾಲೆಯಲ್ಲಿ ಒಂದೇ ಕುಲದವರು ಕೂಡುತ್ತಿದ್ದರು. ಈ ಹೊಸ ಪಡಸಾಲೆಗೆ ಆ ಎಲ್ಲೆಯಿಲ್ಲ.

ಆದರೆ ಶರೀರವನ್ನು ಉಳಿಸಿದಷ್ಟು ಸುಲಭವಾಗಿ ಮನಸ್ಸನ್ನು ಉಳಿಸಲು ನಾವಿನ್ನೂ ಕಲಿತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರಿಗೆಯಾದ ಸ್ತ್ರೀಯರಲ್ಲಿ ಶೇಕಡ 13ರಷ್ಟು ಮಂದಿ ಮನೋವ್ಯಾಧಿಗೆ, ಮುಖ್ಯವಾಗಿ ಖಿನ್ನತೆಗೆ, ಒಳಗಾಗುತ್ತಾರೆ. ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಮಾಣ ಶೇಕಡ 20ನ್ನು ಸಮೀಪಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹ ತಾಯಂದಿರನ್ನು ಕೂಸಿನಿಂದ ಅಗಲಿಸದೆ ಚಿಕಿತ್ಸೆ ನೀಡುವ ವಿಭಾಗವನ್ನು 2009ರಲ್ಲಿ ತೆರೆಯಿತು. ಆದರೂ ನಮ್ಮ ಮನೆಗಳಲ್ಲಿ ಬಾಣಂತಿ ಅಕಾರಣವಾಗಿ ಅತ್ತರೆ ದೃಷ್ಟಿಯಾಯಿತೆನ್ನುವವರುಂಟು, ಸೋಗೆನ್ನುವವರುಂಟು. ಕೂಡುಕುಟುಂಬ ಒಡೆದು, ದೂರದ ನಗರದ ಬಾಡಿಗೆ ಮನೆಯಲ್ಲಿ ಗಂಡಹೆಂಡಿರಿಬ್ಬರೇ ಇರುವ ಕಾಲದಲ್ಲಿ, ಕೇಳುವ ಕಿವಿಯೂ ಕಡಿಮೆಯಾಗಿದೆ. ತ್ರಿವೇಣಿಯವರ ಕಾವೇರಿಗೆ ಬೇಕಿದ್ದುದು ತನ್ನ ಮಾತನ್ನು ನಂಬುವ ಒಂದು ಜೀವ. ಇಂದಿನ ಕಾವೇರಿಯರಿಗೂ ಬೇಕಾಗಿರುವುದು ಅದೇ.

ಶ್ರೀಮಠದಲ್ಲಿ ಉಂಡು ಓದಿ ಬೆಳೆದು ಇಂದು ಗೃಹಸ್ಥರಾಗಿರುವ ಸದ್ಭಕ್ತರು ಈ ವಿಷಯವನ್ನು ಹೆಂಗಸರ ವಿಚಾರವೆಂದು ಬದಿಗಿಡಲಾಗದು. ಮನೆಯಲ್ಲಿ ಕುಬಸ ನಡೆಯುವಾಗ ಹಸಿರು ಸೀರೆಯ ತಟ್ಟೆಯಲ್ಲಿ ಒಂದೆರಡು ಒಳ್ಳೆಯ ಪುಸ್ತಕಗಳನ್ನೂ ಇರಿಸಬಹುದು. ಸೊಸೆಯನ್ನು ತಪಾಸಣೆಗೆ ಕರೆದೊಯ್ಯುವ ದಿನ ಮಗನೂ ಜೊತೆಗೆ ಹೋಗಬಹುದು. ಬಾಣಂತಿಯ ಕೋಣೆಯ ಕಿಟಕಿಯನ್ನು ತೆರೆಯಬಹುದು. ನೆರೆಯ ಬಸುರಿಯರು ನಾಲ್ವರು ಸಂಜೆ ಒಂದೆಡೆ ಕುಳಿತು ಮಾತನಾಡುತ್ತಿದ್ದರೆ ಕೆಲಸಗೆಟ್ಟ ಹರಟೆಯೆಂದು ಗದರದೆ ಅವರಿಗೊಂದು ಚಾಪೆ ಹಾಸಿಕೊಡಬಹುದು. ಇವಾವುದಕ್ಕೂ ಹೆಚ್ಚಿನ ಹಣ ಬೇಡ. ಕಾಯಕದಷ್ಟೇ ಪವಿತ್ರವಾದ ತಾಯ್ತನಕ್ಕೆ ನಾವು ಸಲ್ಲಿಸಬಹುದಾದ ದಾಸೋಹವಿದು. ಇದು ಮೊದಲಾಗಬೇಕಾದುದು ನಮ್ಮ ನಮ್ಮ ಮನೆಯ ಪಡಸಾಲೆಯಲ್ಲಿ.